ಮಾಲೀಕನಿಗೆ ನೌಕರ ಕೊಡುವ ಕೈಗಡ

ದುಬೈಯ ಮುಹೈಸ್ನಾದ ಎರಡನೆಯ ವಿಭಾಗವನ್ನು ಅಲ್ಲಿನ ಕಾರ್ಮಿಕರು ಸೋನಾಪುರವೆಂದೇ ಕರೆಯುತ್ತಾರೆ. ನಸುಕಿನಲ್ಲಿ ಅಲ್ಲಿಂದ ಹೊರಡುವ ಬಸ್ಸುಗಳು ನಗರದ ಕಾಮಗಾರಿಗಳಿಗೆ ಜನರನ್ನು ಹೊತ್ತೊಯ್ಯುತ್ತವೆ. ಈ ಶಿಬಿರಗಳಿಗೂ ಕಂಪನಿಯ ಕಚೇರಿಗೂ ನಡುವೆ ಒಂದು ಪದರವಿದೆ: ಮೇಲ್ವಿಚಾರಕ, ಶಿಬಿರದ ಉಸ್ತುವಾರಿ, ಸರ್ಕಾರಿ ಕೆಲಸಗಳಿಗೆ ಓಡಾಡುವ ಪಿಆರ್‌ಒ. ಮಂಗಳೂರು, ಉಡುಪಿ, ಕಾಸರಗೋಡುಗಳಿಂದ ಹೋದ ಅನೇಕರು ಇರುವುದು ಈ ಪದರದಲ್ಲಿಯೇ.

ಕೂಲಿಯಾಳಿಗೆ ಬ್ಯಾಂಕು ಕ್ರೆಡಿಟ್ ಕಾರ್ಡ್ ಕೊಡುವುದಿಲ್ಲ. ತಿಂಗಳಿಗೆ 5,000 ದಿರ್ಹಮ್ ದಾಟಿದ ಈ ನಡುವಿನವನಿಗೆ ಕೊಡುತ್ತದೆ. ಅಲ್ಲಿಂದ ತೊಡಕು ಶುರುವಾಗುತ್ತದೆ. ವಾಹನದ ಇಂಧನ, ಸಾಲಿಕ್ ಸುಂಕ, ಪಂಪಿನ ಬಿಡಿಭಾಗ, ವೀಸಾ ನವೀಕರಣದ ಶುಲ್ಕ, ಎಲ್ಲಕ್ಕೂ ಒಂದೇ ಮಾತು: ‘ಸದ್ಯಕ್ಕೆ ನೀವೇ ಕಟ್ಟಿಬಿಡಿ, ಬಿಲ್ ಕೊಡಿ, ತಿಂಗಳ ಕೊನೆಗೆ ಕೊಡೋಣ.’ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ತಿಂಗಳ ಕೊನೆ ಮೂರು ತಿಂಗಳಾದರೆ ಏನಾಗುತ್ತದೆ? ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3 ಎಂದಿಟ್ಟುಕೊಂಡರೂ, 4,000 ದಿರ್ಹಮ್ ಬಾಕಿಯ ಮೇಲೆ ಮೂರು ತಿಂಗಳಿಗೆ ಸುಮಾರು 370 ದಿರ್ಹಮ್ ಬಡ್ಡಿ ಬೆಳೆಯುತ್ತದೆ. ಕಂಪನಿ ಮರುಪಾವತಿಸುವುದು ಬಿಲ್ಲಿನ ಮೊತ್ತವನ್ನು ಮಾತ್ರ. ಬಡ್ಡಿ ನೌಕರನ ಪಾಲಿಗೆ. ಕಂತು ತಪ್ಪಿದರೆ ಕ್ರೆಡಿಟ್ ಬ್ಯೂರೋದಲ್ಲಿ ದಾಖಲಾಗುವುದೂ ಅವನ ಹೆಸರೇ. ಬ್ಯಾಂಕಿನ ಲೆಕ್ಕದಲ್ಲಿ ಅದು ವೈಯಕ್ತಿಕ ಸಾಲ. ವಾಸ್ತವದಲ್ಲಿ ಅದು ನೌಕರನು ಮಾಲೀಕನಿಗೆ ಕೊಟ್ಟ, ಬಡ್ಡಿಯಿಲ್ಲದ, ಪತ್ರವಿಲ್ಲದ ಕೈಗಡ.

ಕಾನೂನು ಸುಮ್ಮನಿಲ್ಲ. 2009ರಿಂದ ಜಾರಿಯಲ್ಲಿರುವ ವೇತನ ರಕ್ಷಣಾ ವ್ಯವಸ್ಥೆ ಸಂಬಳದ ಪಾವತಿಯ ಮೇಲೆ ಕಣ್ಣಿಟ್ಟಿದೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ಕಾರ್ಮಿಕನ ಮೇಲೆ ಹೇರಬಾರದೆನ್ನುತ್ತದೆ. ಒಪ್ಪಂದ ಮುಗಿದ 14 ದಿನಗಳೊಳಗೆ ಬಾಕಿ ತೀರಿಸಬೇಕೆನ್ನುತ್ತದೆ. ಆದರೆ ಮರುಪಾವತಿಯ ಹಣ ವೇತನವಲ್ಲ. ಸಂಬಳ ಸಕಾಲಕ್ಕೆ ಜಮೆಯಾದರೆ ವ್ಯವಸ್ಥೆಯ ಕಣ್ಣಿಗೆ ಎಲ್ಲವೂ ಸರಿ. ಆ ಸಂಬಳ ಕಂಪನಿಯ ಇಂಧನದ ಬಾಕಿಗೆ ಹರಿದುಹೋದದ್ದು ಅದಕ್ಕೆ ಕಾಣುವುದಿಲ್ಲ. ಇನ್ನೂ ಕಹಿಯಾದ ವ್ಯಂಗ್ಯವೊಂದಿದೆ. ಕೂಲಿಯಾಳಿನ ವೀಸಾ ಶುಲ್ಕವನ್ನು ಕಾಗದದ ಮೇಲೆ ಮಾಲೀಕನೇ ಭರಿಸಿರುತ್ತಾನೆ, ಇನ್ನೊಬ್ಬ ನೌಕರನ ಕಾರ್ಡಿನಿಂದ.

ಇದರಲ್ಲಿ ಲಾಭವೂ ಉಂಟಲ್ಲ, ಕಾರ್ಡಿನ ಪಾಯಿಂಟುಗಳು ಸಿಗುತ್ತವಲ್ಲ ಎನ್ನುವವರಿದ್ದಾರೆ. ಬಾಕಿ ಬೇಗ ಕೈಸೇರುವ ದೊಡ್ಡ ಕಚೇರಿಗಳಲ್ಲಿ ಅದು ನಿಜ. ‘ಆಗದು’ ಎನ್ನಬಲ್ಲವನಿಗೆ ಅದು ಸೌಲಭ್ಯ. ವೀಸಾ, ವಸತಿ, ಊರಿನ ಮನೆಸಾಲ ಎಲ್ಲವೂ ಒಂದೇ ಕೆಲಸಕ್ಕೆ ಕಟ್ಟಿಬಿದ್ದವನಿಗೆ ಅದು ಬಲವಂತ. ಕಂಪನಿ ಮುಳುಗಿದರೆ ಸಂಬಳದ ಬಾಕಿಗೆ ದಾಖಲೆಯಾದರೂ ಇದೆ. ಈ ಹಣಕ್ಕಿರುವುದು ಮಾಸಿದ ರಸೀದಿಗಳ ಕಟ್ಟು.

ಪರಿಹಾರ ಅಜ್ಞಾತವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2802ನೇ ಕಲಮು, ಕೆಲಸಕ್ಕಾಗಿ ನೌಕರ ಮಾಡಿದ ಅಗತ್ಯ ಖರ್ಚನ್ನು ಮಾಲೀಕನೇ ತುಂಬಿಕೊಡಬೇಕೆನ್ನುತ್ತದೆ. ನ್ಯಾಯಾಲಯ ಕೊಡಿಸಿದರೆ ಖರ್ಚಾದ ದಿನದಿಂದ ಬಡ್ಡಿಯೂ ಸೇರುತ್ತದೆ. ಯುಎಇಯಲ್ಲಿ 2024ರಿಂದ 50,000 ದಿರ್ಹಮ್‌ವರೆಗಿನ ಕಾರ್ಮಿಕ ವಿವಾದಗಳನ್ನು ಸಚಿವಾಲಯವೇ ತೀರ್ಮಾನಿಸಬಲ್ಲದು. ಮರುಪಾವತಿಯ ಗಡುವನ್ನೂ ತಡವಾದರೆ ತೆರಬೇಕಾದ ಬಡ್ಡಿಯನ್ನೂ ಉದ್ಯೋಗ ಒಪ್ಪಂದದಲ್ಲಿ ಬರೆಸಿದರೆ ಈ ಬಾಗಿಲು ಬಡಿಯಲು ಆಧಾರ ಸಿಗುತ್ತದೆ. ಅದಕ್ಕೂ ಮುನ್ನ ಆಗಬೇಕಾದದ್ದು ಸರಳ: ಖರ್ಚಿಗೆ ಮುಂಗಡ ಕೊಡುವುದು, ಇಲ್ಲವೇ ಕಂಪನಿಯ ಹೆಸರಿನ ಕಾರ್ಡ್ ಕೊಡುವುದು.

ಮುಂಗಡಕ್ಕೂ ಮರುಪಾವತಿಗೂ ರುಜು ಹಾಕುವ ಮೇಜುಗಳ ಹಿಂದೆ ಕುಳಿತವರಲ್ಲಿ ಕನ್ನಡಿಗರೂ ಇದ್ದಾರೆ: ಲೆಕ್ಕಾಧಿಕಾರಿಗಳು, ವ್ಯವಸ್ಥಾಪಕರು, ಪಾಲುದಾರರು. ದುಡಿಮೆಗಾರರ ಹಕ್ಕಿನ ಬಗ್ಗೆ ಸಭೆಗಳಲ್ಲಿ ಮಾತನಾಡುವವರೂ ಅವರಲ್ಲಿದ್ದಾರೆ. ಅವರ ಮೇಜಿನ ಮೇಲೆ ಈ ತಿಂಗಳೂ ಒಂದು ಕಟ್ಟು ರಸೀದಿ ಕಾದಿರುತ್ತದೆ. ಅದರ ದಿನಾಂಕಗಳನ್ನು ನೋಡುವುದರಿಂದ ಅವರು ಆರಂಭಿಸಬಹುದು.