ಚೀನಾದಲ್ಲಿ ಎಂಬಿಬಿಎಸ್: ರೋಗಿಯ ಮಾತು ಅರ್ಥವಾಗಬೇಡವೇ?

ಬೀಜಿಂಗ್‌ನಲ್ಲಿರುವ ಭಾರತದ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನಲ್ಲಿ ಒಂದು ಸೂಚನಾಪತ್ರ ಹೊರಡಿಸಿತು. ಚೀನಾಕ್ಕೆ ವೈದ್ಯಕೀಯ ಓದಲು ಹೊರಟವರಿಗೆ ಬರೆದ ಆ ಪತ್ರದಲ್ಲಿದ್ದ ಒಂದು ಲೆಕ್ಕ ಹೀಗಿದೆ: 2015ರಿಂದ 2021ರವರೆಗೆ ಚೀನಾದ ಪದವಿ ಹಿಡಿದು ಬಂದು, ಭಾರತದಲ್ಲಿ ವೃತ್ತಿ ನಡೆಸಲು ಕಡ್ಡಾಯವಾದ ಎಫ್‌ಎಂಜಿಇ ಪರೀಕ್ಷೆಗೆ ಕೂತವರು 40,417, ತೇರ್ಗಡೆಯಾದವರು 6,387. ನೂರಕ್ಕೆ ಹದಿನಾರು ಮಂದಿಯೂ ದಾಟಿಲ್ಲ.

ಇಂಥ ಅಂಕಿ ಹೊರಬಿದ್ದಾಗಲೆಲ್ಲ ಬೆರಳು ತಿರುಗುವುದು ವಿದ್ಯಾರ್ಥಿಗಳ ಕಡೆಗೆ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಾರದವರು, ದುಡ್ಡು ಕೊಟ್ಟು ಹೊರಗೆ ಓದಿದವರು ಎಂಬ ತಾತ್ಸಾರ. ಈ ಮಾತಿನಲ್ಲಿ ಅನ್ಯಾಯವಿದೆ. 2023ರಲ್ಲಿ ನೀಟ್ ಬರೆದವರು 20 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಆಸುಪಾಸು. ಅದರಲ್ಲೂ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಹೊಲ ಮಾರಿದರೂ ಹೊಂದುವಂಥದ್ದಲ್ಲ. ಅರ್ಹತೆ ಪಡೆದೂ ಸೀಟು ಸಿಗದ ಮಗಳನ್ನು ಡಾಕ್ಟರ್ ಮಾಡಲೇಬೇಕೆಂದು ಹೊರಟ ಮೇಷ್ಟರಿಗೆ, ಬ್ಯಾಂಕ್ ಗುಮಾಸ್ತರಿಗೆ, ಅಡಿಕೆ ಬೆಳೆಗಾರರಿಗೆ ಚೀನಾದ ಶುಲ್ಕ ಕೈಗೆಟುಕುವಂತೆ ಕಂಡಿದೆ. ಕೋವಿಡ್‌ಗೆ ಮುಂಚೆ ಅಲ್ಲಿ ಓದುತ್ತಿದ್ದ ಭಾರತೀಯರು 23 ಸಾವಿರಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ವೈದ್ಯಕೀಯದವರು. ಇಷ್ಟೊಂದು ಮಕ್ಕಳೆಲ್ಲ ದಡ್ಡರೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಸುಲಭ. ಅವರು ಅಲ್ಲಿ ಏನನ್ನು ಕಲಿಯಲಾಗದೆ ಬರುತ್ತಾರೆ ಎಂದು ಕೇಳುವವರು ಕಡಿಮೆ.

ಅವರಲ್ಲಿ ಹೆಚ್ಚಿನವರು ಕಲಿಯಲಾಗದೆ ಬರುವುದು ರೋಗಿಯ ಜೊತೆ ಮಾತಾಡುವುದನ್ನು.

ಮೊದಲ ಎರಡು-ಮೂರು ವರ್ಷ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಸೆಪ್ಟೆಂಬರಿನಲ್ಲಿ ತರಗತಿ ಶುರು. ಇಳಿದ ಕೂಡಲೇ ಪೊಲೀಸರಲ್ಲಿ ವಾಸದ ನೋಂದಣಿ, ಆಮೇಲೆ ಆರೋಗ್ಯ ತಪಾಸಣೆ, ಬಂದ ಮೂವತ್ತು ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ. ವಿದೇಶಿ ವಿದ್ಯಾರ್ಥಿಗಳಿಗೆ ಬೇರೆಯೇ ಹಾಸ್ಟೆಲ್, ಬೇರೆಯೇ ತರಗತಿ. ತರಕಾರಿಯಿಂದ ಬಸ್ಸಿನ ಟಿಕೆಟ್‌ವರೆಗೆ ಎಲ್ಲಕ್ಕೂ ವೀಚ್ಯಾಟ್, ಅಲಿಪೇ. ಅಂಗಡಿಯವನ ಮುಂದೆ ಫೋನ್ ಹಿಡಿದರೆ ಆಯಿತು, ಬಾಯಿ ತೆರೆಯುವ ಅಗತ್ಯವೇ ಇಲ್ಲ. ಸಂಜೆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಊರಿಂದ ತಂದ ಸಾರಿನ ಪುಡಿ, ಸುತ್ತ ಹಿಂದಿ, ತೆಲುಗು, ಮಲಯಾಳಂ, ಕನ್ನಡ. ಅನಾಟಮಿ, ಫಿಸಿಯಾಲಜಿ ಪುಸ್ತಕಗಳು ಇಂಗ್ಲಿಷಿನವು. ಚೀನೀ ಭಾಷೆಯ ಪೀರಿಯಡ್ ಇರುತ್ತದೆ, ಪರೀಕ್ಷೆಯೂ ಇರುತ್ತದೆ. ಬಾಯಿಪಾಠ ಮಾಡಿ ಪಾಸಾಗಿ ಮರೆತುಬಿಡುವವರೇ ಹೆಚ್ಚು. ಇದು ಸೋಮಾರಿತನ ಎನ್ನಲಾಗದು. ಬಯೋಕೆಮಿಸ್ಟ್ರಿಯ ಹೊರೆ ಹೊತ್ತ ಹತ್ತೊಂಬತ್ತರ ಹುಡುಗನಿಗೆ ಭಾಷೆ ಏಕೆ ಬೇಕೆಂದು ಯಾರೂ ಮನದಟ್ಟು ಮಾಡಿಸಿರುವುದಿಲ್ಲ. ಊರಲ್ಲಿ ಸೀಟು ಮಾಡಿಸಿಕೊಟ್ಟ ಏಜೆಂಟ್ ಅವನ ತಂದೆಗೆ ಹೇಳಿದ್ದು ಒಂದೇ ಮಾತು: ಎಲ್ಲಾ ಇಂಗ್ಲಿಷ್ ಮೀಡಿಯಂ ಸಾರ್, ಏನೂ ಯೋಚನೆ ಮಾಡಬೇಡಿ.

ಯೋಚನೆ ಮಾಡಬೇಕಾದದ್ದು ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುತ್ತದೆ. ವಾರ್ಡಿನಲ್ಲಿ ಮಲಗಿದ ಮುದುಕನಿಗೆ ಇಂಗ್ಲಿಷ್ ಬಾರದು. ಕೇಸ್ ಶೀಟು ಚೀನೀ ಲಿಪಿಯಲ್ಲಿ. ರೌಂಡ್ಸ್‌ನಲ್ಲಿ ಪ್ರೊಫೆಸರು ರೋಗಿಯನ್ನು, ನರ್ಸನ್ನು, ಸ್ಥಳೀಯ ವಿದ್ಯಾರ್ಥಿಗಳನ್ನು ಮಾತಾಡಿಸುವುದು ಚೀನಿಯಲ್ಲಿ. ಹಾಸಿಗೆಯ ಬಳಿ ಹತ್ತು ನಿಮಿಷ ನಡೆದ ಚರ್ಚೆಯ ಸಾರ ವಿದೇಶಿ ವಿದ್ಯಾರ್ಥಿಗೆ ಎರಡು ಇಂಗ್ಲಿಷ್ ವಾಕ್ಯಗಳಲ್ಲಿ ಸಿಕ್ಕರೆ ಪುಣ್ಯ.

ರೋಗಿಯಿಂದ ಕಾಯಿಲೆಯ ಹಿನ್ನೆಲೆ ಕೇಳಿ ತಿಳಿಯುವುದು, ಅಂದರೆ ಹಿಸ್ಟರಿ ತೆಗೆದುಕೊಳ್ಳುವುದು ಎಂದರೆ ಪ್ರಶ್ನೆಪಟ್ಟಿ ಓದುವುದಲ್ಲ. ಎದೆಯ ತೊಂದರೆಯೆಂದು ಬಂದ ಒಬ್ಬ ರೋಗಿಯನ್ನೇ ನೋಡಿ. ಚೀನಿಯಲ್ಲಿ ನೋವಿಗೆ ‘ಥೊಂಗ್’ ಎನ್ನುತ್ತಾರೆ. ಅದೊಂದು ಪದ ಕಲಿತ ವಿದ್ಯಾರ್ಥಿ ಎದೆ ನೋವಿದೆಯೇ ಎಂದು ಕೇಳುತ್ತಾನೆ. ರೋಗಿ ಇಲ್ಲವೆಂದು ತಲೆಯಾಡಿಸುತ್ತಾನೆ. ಅವನಿಗೆ ಆಗುತ್ತಿರುವುದು ‘ಮೆನ್’: ಎದೆ ಬಿಗಿದಂತೆ, ಉಸಿರು ಒಳಗೇ ಕಟ್ಟಿದಂತೆ. ಹೃದಯಕ್ಕೆ ರಕ್ತ ಸಾಲದಾದಾಗ ಎಷ್ಟೋ ಜನ ಹೇಳುವುದು ಇದನ್ನೇ, ನೋವು ಎಂದಲ್ಲ. ಇದಲ್ಲದೆ ಕೈಕಾಲು ಸೋತು ಹಿಂಡಿದಂತಾದರೆ ‘ಸ್ವಾನ್’, ಜೋಮು ಹಿಡಿದರೆ ‘ಮಾ’, ಹೊಟ್ಟೆ ಉಬ್ಬರಿಸಿದರೆ ‘ಜಾಂಗ್’. ಒಂದೊಂದೂ ವೈದ್ಯನನ್ನು ಬೇರೆ ಬೇರೆ ರೋಗದ ಕಡೆಗೆ ಕರೆದೊಯ್ಯುವ ದಾರಿ. ಪದ ಗೊತ್ತಿಲ್ಲದವನಿಗೆ ಇವೆಲ್ಲವೂ ಒಂದೇ ಗೊಣಗಾಟ.

ಇದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇನಲ್ಲ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ಕುಂದಗೋಳದ ಕಡೆಯ ಅಜ್ಜಿ ‘ಎದಿ ನೋವಿಲ್ರಿ ಯಪ್ಪಾ, ಹಿಡದಂಗ ಆಗತೈತಿ’ ಎಂದರೆ ಇಸಿಜಿ ಮಾಡಿಸಬೇಕೆಂದು ಅಲ್ಲಿನ ಹೌಸ್ ಸರ್ಜನ್‌ಗೆ ಗೊತ್ತು. ದೆಹಲಿಯಿಂದಲೋ ಕೇರಳದಿಂದಲೋ ಬಂದ ಹುಡುಗ ಇದನ್ನು ಕಲಿಯಲೇಬೇಕು, ಇಲ್ಲದಿದ್ದರೆ ವಾರ್ಡಿನಲ್ಲಿ ನಿಲ್ಲಲಾಗದು. ನಮ್ಮ ವೈದ್ಯಕೀಯ ಪಠ್ಯಕ್ರಮ 2019ರಲ್ಲಿ ಬದಲಾದಾಗ ಮೊದಲ ತಿಂಗಳ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಕಲಿಕೆಗೆ ಜಾಗ ಕೊಟ್ಟದ್ದು ಇದಕ್ಕೇ. ನಮ್ಮ ರೋಗಿಯ ಭಾಷೆ ನಮ್ಮ ವೈದ್ಯನಿಗೆ ಬರಬೇಕೆಂದು ಒಪ್ಪಿರುವ ನಾವು, ಸಮುದ್ರದಾಚೆ ಹೋದ ಮಕ್ಕಳಿಗೆ ಅದೇ ಮಾತನ್ನು ಹೇಳಿಕೊಡುತ್ತಿಲ್ಲ.

ನಿಯಮಗಳನ್ನೇ ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ತಂದ ನಿಯಮಾವಳಿಯ ಪ್ರಕಾರ ವಿದೇಶದ ಪದವಿಗೆ ಮಾನ್ಯತೆ ಬೇಕೆಂದರೆ ಓದು ಕನಿಷ್ಠ 54 ತಿಂಗಳಿನದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಓದಿದ ದೇಶದಲ್ಲಿ ವೈದ್ಯವೃತ್ತಿ ನಡೆಸುವ ಅರ್ಹತೆಯೂ ಇರಬೇಕು. ಹಿಂದೆ ನಡೆಯುತ್ತಿದ್ದ ಅಡ್ಡದಾರಿಗಳನ್ನು ಮುಚ್ಚಿದ ಒಳ್ಳೆಯ ನಿಯಮಗಳಿವು. ಆದರೆ ಆಯೋಗ ಕೇಳಿದ್ದು ಕ್ಲಾಸ್‌ರೂಮಿನ ಭಾಷೆಯನ್ನು. ರೋಗಿಯ ಭಾಷೆಯನ್ನು ಹೆಸರಿಟ್ಟು ಕೇಳಲಿಲ್ಲ. ಚೀನಾದ ವೈದ್ಯ ಪರವಾನಗಿ ಪರೀಕ್ಷೆ ನಡೆಯುವುದೇ ಚೀನೀ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಓದು, ಆದರೆ ಚೀನಿಯಲ್ಲಿ ವೃತ್ತಿ ನಡೆಸುವ ಯೋಗ್ಯತೆ ತೋರಿಸು ಎಂದು ಒಬ್ಬ ಹುಡುಗಿಗೆ ಹೇಳಿ, ಮಧ್ಯದ ಸೇತುವೆಯನ್ನು ಅವಳೇ ಕಟ್ಟಿಕೊಳ್ಳಲಿ ಎಂದು ಬಿಟ್ಟಂತಾಗಿದೆ.

ಎಫ್‌ಎಂಜಿಇ ಪರೀಕ್ಷೆ ಇಂಗ್ಲಿಷಿನಲ್ಲಿದೆಯಲ್ಲ, ಚೀನಿ ಬಾರದಿದ್ದರೆ ಅಲ್ಲಿ ಫೇಲಾಗುವುದೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ರಷ್ಯಾದಿಂದ, ಬೇರೆ ದೇಶಗಳಿಂದ ಬಂದವರೂ ದೊಡ್ಡ ಸಂಖ್ಯೆಯಲ್ಲಿ ಬೀಳುವುದುಂಟು. ಕಾರಣ ಒಂದೇ ಅಲ್ಲ. ಆದರೆ ಆ ಪರೀಕ್ಷೆಯ 300 ಪ್ರಶ್ನೆಗಳಲ್ಲಿ ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ರೋಗ ಮುಂತಾದ ಕ್ಲಿನಿಕಲ್ ವಿಷಯಗಳ ಪಾಲು ದೊಡ್ಡದು. ಕಾಮಾಲೆಯ ರೋಗಿಯನ್ನು ಕಣ್ಣಾರೆ ಕಂಡು, ಮಾತಾಡಿಸಿ, ಹೊಟ್ಟೆ ಮುಟ್ಟಿ ನೋಡಿ ಕಲಿತವನ ತಲೆಯಲ್ಲಿ ಅದು ಉಳಿಯುತ್ತದೆ. ಪುಸ್ತಕದಲ್ಲಷ್ಟೇ ಓದಿದವನಿಗೆ ನಾಲ್ಕು ಉತ್ತರಗಳೂ ಸರಿಯೆಂದೇ ಕಾಣುತ್ತವೆ. ಚೀನಾದ ಕೆಲವು ಕಾಲೇಜುಗಳಲ್ಲಿ ಅಧ್ಯಾಪಕರ ಇಂಗ್ಲಿಷೂ ಸಾಲದು, ಕ್ಲಿನಿಕಲ್ ಕಲಿಕೆಗೆ ಚೀನೀ ಭಾಷೆ ಬೇಕೇ ಬೇಕು, ಚೀನೀ ಭಾಷಾ ಪರೀಕ್ಷೆಯಾದ ಎಚ್‌ಎಸ್‌ಕೆಯ ನಾಲ್ಕನೇ ಹಂತ ಮುಟ್ಟದವರಿಗೆ ಪದವಿ ಸಿಗುವುದಿಲ್ಲ ಎಂದು ರಾಯಭಾರ ಕಚೇರಿಯ ಅದೇ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಪತ್ರ ಎಷ್ಟು ಮನೆಗಳನ್ನು ಮುಟ್ಟಬೇಕಿತ್ತೋ ಅಷ್ಟು ಮುಟ್ಟಿಲ್ಲ.

ಕೋವಿಡ್ ಕಾಲ ಈ ವಾದಕ್ಕೆ ಇನ್ನೊಂದು ಸಾಕ್ಷಿ ಒದಗಿಸಿತು. 2020ರ ಜನವರಿ 23ರಂದು ವೂಹಾನ್ ನಗರಕ್ಕೆ ಬೀಗ ಬಿತ್ತು. ಏರ್ ಇಂಡಿಯಾದ ಎರಡು ವಿಮಾನಗಳು 647 ಭಾರತೀಯರನ್ನು ದೆಹಲಿಗೆ ಕರೆತಂದವು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಉಳಿದ ಊರುಗಳಲ್ಲಿದ್ದವರೂ ಒಬ್ಬೊಬ್ಬರಾಗಿ ಮರಳಿದರು. ಮತ್ತೆ ವೀಸಾ ಸಿಕ್ಕಿದ್ದು 2022ರ ಆಗಸ್ಟ್ ಕೊನೆಗೆ. ಅಲ್ಲಿಯವರೆಗೆ ಮಂಡ್ಯದ, ಬೀದರಿನ, ಶಿರಸಿಯ ಮನೆಗಳಲ್ಲಿ ಮೊಬೈಲ್ ಹಿಡಿದು ಕೂತ ಮಕ್ಕಳು ಪರದೆಯ ಮೇಲೆ ಸರ್ಜರಿ ಕಲಿತರು. ಅದು ಸಾಲದು ಎಂದು ಆಯೋಗ ಪಟ್ಟು ಹಿಡಿಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2022ರ ಏಪ್ರಿಲ್ ತೀರ್ಪಿನ ನಂತರ ಕೊನೆಯ ವರ್ಷದಲ್ಲಿದ್ದವರಿಗೆ ಒಂದು ಬಾರಿಯ ವಿನಾಯಿತಿ ಸಿಕ್ಕಿತು. ಅದಕ್ಕೆ ಬದಲಾಗಿ ಭಾರತದಲ್ಲಿ ಒಂದು ವರ್ಷದ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಲಾಯಿತು. ರೋಗಿಯ ಹಾಸಿಗೆಯ ಬಳಿ ನಿಲ್ಲದೆ ವೈದ್ಯರಾಗಲು ಬರುವುದಿಲ್ಲ ಎಂಬ ತತ್ವ ಇದರ ಹಿಂದಿತ್ತು. ಸರಿಯಾದ ತತ್ವವೇ. ಹಾಗಿದ್ದರೆ ಹಾಸಿಗೆಯ ಬಳಿಯೇ ನಿಂತು ಒಂದು ಮಾತೂ ತಿಳಿಯದೆ ಕಳೆದ ವರ್ಷವನ್ನು ಅದೇ ತತ್ವದಿಂದ ಹೇಗೆ ಅಳೆಯಬೇಕು?

ಚೀನಿ ಕಷ್ಟ, ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ ಎನ್ನುವವರು ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು ನೆನೆಯಬೇಕು. ನಮ್ಮ ಗಡಿಯ ಪಕ್ಕದ, ಇಂದಿಗೂ ಕನ್ನಡ ಕೇಳಿಬರುವ ಸೊಲ್ಲಾಪುರದವರು ಅವರು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ 1938ರಲ್ಲಿ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಕೋಟ್ನಿಸ್ ಅಲ್ಲೇ ಉಳಿದರು, ಚೀನೀ ಭಾಷೆ ಕಲಿತರು, ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು, ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. 1942ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ. ಶಿಜಿಯಾಜುವಾಂಗ್‌ನಲ್ಲಿ ಅವರ ಸಮಾಧಿಗೆ ಇಂದಿಗೂ ಹೂವು ಇಡುತ್ತಾರೆ. ಯುದ್ಧದ ನಡುವೆ, ಔಷಧಿಗೇ ಕೊರತೆಯಿದ್ದ ಹಳ್ಳಿಗಳಲ್ಲಿ ಅವರು ಕಲಿತ ಭಾಷೆಯನ್ನು ಆ್ಯಪ್, ವಿಡಿಯೊ, ಅಧ್ಯಾಪಕರು ಎಲ್ಲವೂ ಇರುವ ಇಂದಿನ ಮಕ್ಕಳು ಕಲಿಯಲಾರರೇ?

ವೈದ್ಯಕೀಯ ಚೀನಿ ಹೊರಗಿನಿಂದ ಕಂಡಷ್ಟು ದುರ್ಗಮವೂ ಅಲ್ಲ. ಉರಿಯೂತಕ್ಕೆ ‘ಯಾನ್’ ಎಂದು ಕಲಿತರೆ ಶ್ವಾಸಕೋಶದ್ದು ‘ಫೇಯಾನ್’, ಯಕೃತ್ತಿನದು ‘ಗಾನ್‌ಯಾನ್’, ಜಠರದ್ದು ‘ವೇಯಾನ್’. ಅಂಗದ ಹೆಸರು ಗೊತ್ತಿದ್ದರೆ ರೋಗದ ಹೆಸರು ತಾನಾಗಿ ಬರುತ್ತದೆ. ಎಚ್‌ಎಸ್‌ಕೆ ನಾಲ್ಕನೇ ಹಂತಕ್ಕೆ ಹಳೆಯ ಪಠ್ಯಕ್ರಮದಲ್ಲಿ ಬೇಕಿದ್ದದ್ದು 1,200 ಪದ. ನಿಜವಾದ ಕಷ್ಟ ಸ್ವರದ ಏರಿಳಿತದ್ದು, ಅದಕ್ಕಿಂತ ಹೆಚ್ಚಾಗಿ ಪ್ರಾಂತ್ಯದ ಆಡುಮಾತಿನದು. ಸಿಚುವಾನಿನ ಹಳ್ಳಿಯವರ ಬಾಯಲ್ಲಿ ‘ನ’ ಮತ್ತು ‘ಲ’ ಬೆರೆತುಹೋಗುತ್ತವೆ. ಗುವಾಂಗ್‌ಜೌನ ಹಿರಿಯರು ಆಡುವುದು ಕ್ಯಾಂಟನೀಸ್. ಆದ್ದರಿಂದಲೇ ಕಲಿಕೆ ಬೇಗ ಶುರುವಾಗಬೇಕು. ನಾಲ್ಕನೇ ವರ್ಷದಲ್ಲಿ ವಾರ್ಡಿನ ಬಾಗಿಲಿಗೆ ಬಂದು ಮೊದಲ ಪಾಠ ಹಿಡಿದರೆ ಕಾಲ ಮೀರಿರುತ್ತದೆ.

ಜರ್ಮನಿಗೆ ಹೊರಡುವ ನಮ್ಮ ನರ್ಸ್‌ಗಳನ್ನು ನೋಡಿದರೆ ಇದು ಆಗುವ ಕೆಲಸವೆಂದು ತಿಳಿಯುತ್ತದೆ. ಬಿ1, ಬಿ2 ಹಂತದ ಜರ್ಮನ್ ಪಾಸಾಗದೆ ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗುವುದಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಕೂತು ಕಲಿಯುತ್ತಾರೆ. ಅಲ್ಲಿ ಭಾಷೆ ಕಡ್ಡಾಯ, ಆದ್ದರಿಂದ ಕಲಿಕೆಯ ವ್ಯವಸ್ಥೆ ಬೆಳೆದಿದೆ. ಚೀನಾದ ಎಂಬಿಬಿಎಸ್‌ಗೆ ಹೊರಡುವ ಮುನ್ನ ಭಾಷೆ ಕೇಳುವವರಿಲ್ಲ, ಆದ್ದರಿಂದ ವ್ಯವಸ್ಥೆಯೂ ಇಲ್ಲ.

ಆಯೋಗ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಇಂಗ್ಲಿಷ್ ಬಳಸದ ಯಾವುದೇ ದೇಶದಲ್ಲಿ ಓದುವವರು ಕ್ಲಿನಿಕಲ್ ವರ್ಷಕ್ಕೆ ಕಾಲಿಡುವ ಮುನ್ನ ಅಲ್ಲಿಯ ಭಾಷೆಯ ನಿಗದಿತ ಹಂತದ ಪ್ರಮಾಣಪತ್ರ ಪಡೆದಿರಬೇಕು ಎಂಬ ಒಂದು ಸಾಲನ್ನು ನಿಯಮಾವಳಿಗೆ ಸೇರಿಸಲಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ನೀಟ್ ಫಲಿತಾಂಶಕ್ಕೂ ಸೆಪ್ಟೆಂಬರಿಗೂ ನಡುವಿನ ತಿಂಗಳುಗಳಲ್ಲಿ ಕಡಿಮೆ ಶುಲ್ಕದ ಚೀನೀ, ರಷ್ಯನ್ ತರಗತಿ ನಡೆಸಲಿ.

ತಂದೆತಾಯಿಯರು ಅದಕ್ಕಾಗಿ ಕಾಯಬೇಕಿಲ್ಲ. ಏಜೆಂಟ್ ಮನೆಗೆ ಬಂದಾಗ ಶುಲ್ಕ, ಹಾಸ್ಟೆಲ್, ಇಂಡಿಯನ್ ಊಟ ಎಲ್ಲ ಕೇಳಿದ ಮೇಲೆ ಇದನ್ನೂ ಕೇಳಿ: ವಾರಕ್ಕೆ ಎಷ್ಟು ತಾಸು ಚೀನಿ ಕಲಿಸುತ್ತಾರೆ, ಎಷ್ಟು ವರ್ಷ ಕಲಿಸುತ್ತಾರೆ, ಹಿಂದಿನ ಬ್ಯಾಚಿನಲ್ಲಿ ಎಚ್‌ಎಸ್‌ಕೆ ನಾಲ್ಕು ಪಾಸಾದವರೆಷ್ಟು, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ. ಅಲ್ಲಿ ಐದನೇ ವರ್ಷ ಓದುತ್ತಿರುವ ಒಬ್ಬ ವಿದ್ಯಾರ್ಥಿಯ ಫೋನ್ ನಂಬರ್ ಪಡೆದು ನೀವೇ ಮಾತಾಡಿ. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಮುಂಗಡ ಕಟ್ಟಬೇಡಿ.