ಗಡುವಿಗೆ ಐದೇ ದಿನ



ಶಾಲೆಯಿಂದ ಮಕ್ಕಳು ತರುವ ‘ಪ್ರಾಜೆಕ್ಟು’ಗಳನ್ನು ಮಕ್ಕಳಿಗಿಂತ ತಂದೆತಾಯಿಗಳೇ ಹೆಚ್ಚಾಗಿ ಮಾಡುತ್ತಿರುವರೆಂಬುದು ಎಲ್ಲರೂ ಬಲ್ಲ ಸಂಗತಿ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಆರನೆಯ ತರಗತಿಯ ನಮ್ಮ ಮೊಮ್ಮಗಳಿಗೆ ಅವರೆ ಬೀಜ ಬಿತ್ತಿ, ಮೂರು ವಾರ ಸಸಿಯ ಎತ್ತರವನ್ನು ದಿನವೂ ಅಳೆದು ಬರೆಯಬೇಕೆಂದು ಹೇಳಿದ್ದರು. ಸೋಮವಾರ ಒಪ್ಪಿಸಬೇಕಾದ ಆ ಕೆಲಸದ ಸುದ್ದಿಯನ್ನು ಅವಳು ಹಿಂದಿನ ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ ಅಳುತ್ತ ತಿಳಿಸಿದಳು. ಬೀಜಗಳು ಇನ್ನೂ ಕಂಪಾಸು ಪೆಟ್ಟಿಗೆಯಲ್ಲೇ ಇದ್ದವು.

ಅವಳ ತಂದೆ, “ನರ್ಸರಿಯಿಂದ ಒಂದು ಸಸಿ ತಂದರಾಯಿತು, ಅಳತೆಗಳನ್ನು ಕುಳಿತು ತುಂಬಿಸೋಣ” ಎಂದ. ನಾನು ಬೇಡವೆನ್ನಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಮೂವತ್ತು ವರ್ಷ ಲೆಕ್ಕಪತ್ರ ಬರೆದ ಈ ಕೈ ಮೊದಲ ವಾರದ ಅಂಕಿಗಳನ್ನು ಆಗಲೇ ಗೀಚಿಕೊಟ್ಟಿತ್ತು. ಹುಡುಗಿ ಆ ಕಾಗದವನ್ನು ನೋಡಿ, “ಅಜ್ಜಾ, ಹೀಗೆ ಬರೆಯಬಹುದೆ?” ಎಂದಳು. ಉತ್ತರ ಹೊರಡಲಿಲ್ಲ.

ನಮ್ಮ ಮನೆಯವರು ಕಾಗದವನ್ನು ಮಡಿಸಿ ಅತ್ತ ಇಟ್ಟು, “ನವರಾತ್ರಿಯ ಘಟದಲ್ಲಿ ಒಂಬತ್ತು ದಿನಕ್ಕೆ ಸಸಿ ಏಳುವುದನ್ನು ಪ್ರತಿ ವರ್ಷ ನೋಡುತ್ತೀರಲ್ಲ! ಐದು ದಿನದಲ್ಲಿ ಏನು ಬೆಳೆದೀತೋ ಅದನ್ನು ಬೆಳೆಸಿರಿ” ಎಂದರು.

ಅವರೆ ಮಣ್ಣಿನಿಂದ ತಲೆಯೆತ್ತಲು ಸುಮಾರು ಒಂದು ವಾರ ಬೇಕು. ಕೊತ್ತಂಬರಿಗೆ ಅದಕ್ಕೂ ಹೆಚ್ಚು. ಅವಸರಕ್ಕೆ ಒದಗುವವು ಹೆಸರು, ಮೆಂತ್ಯ. ಅಂದೇ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿದೆವು. ಎಂಟು ಗಂಟೆ ಸಾಕು. ದಿನಗಟ್ಟಲೆ ನೀರಿನಲ್ಲೇ ಬಿಟ್ಟರೆ ಗಾಳಿಯಿಲ್ಲದೆ ಕಾಳು ಕೊಳೆಯುವುದು. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆವು. ಸಂಜೆಗೆ ಬಿಳಿಯ ಮೊಳಕೆ ಇಣುಕಿತು. ತಳಕ್ಕೆ ತೂತು ಮಾಡಿದ ತೆಂಗಿನ ಕರಟಗಳಲ್ಲಿ ಮಣ್ಣು ತುಂಬಿ ಬಿತ್ತಿ, ಒಂದನ್ನು ಕಿಟಕಿಯಲ್ಲಿ, ಒಂದನ್ನು ಕತ್ತಲೆಯ ಕಪಾಟಿನಲ್ಲಿ ಇರಿಸಿದೆವು. ಮೂರನೆಯದರಲ್ಲಿ ಶಾಲೆಯ ಅವರೆಯನ್ನೂ ಅವಳೇ ಊರಿದಳು.

ಸೋಮವಾರ ಬೆಳಿಗ್ಗೆ ಕಪಾಟು ತೆರೆದಾಗ ಮಗು ಕೂಗಿಯೇ ಬಿಟ್ಟಿತು. ಕತ್ತಲೆಯ ಸಸಿ 7 ಸೆಂಟಿಮೀಟರು, ಕಿಟಕಿಯದು 4 ಮಾತ್ರ! ಆದರೆ ಎತ್ತರದ್ದು ಹಳದಿಗಟ್ಟಿ ಬಳುಕುತ್ತಿತ್ತು. ಬೆಳಕಿಲ್ಲದೆ ಪತ್ರಹರಿತ್ತು ಹುಟ್ಟದು. ಬೀಜದೊಳಗಿನ ಗಂಟನ್ನೇ ಖರ್ಚುಮಾಡುತ್ತ ಸಸಿ ಬೆಳಕನ್ನರಸಿ ಉದ್ದವಾಗುತ್ತದೆ. ಗಿಡ್ಡದ್ದು ಹಸಿರಾಗಿ ಹೊರಗಿನ ಬೆಳಕಿನತ್ತ ವಾಲಿತ್ತು. ಈ ವಾಲುವಿಕೆಯನ್ನೇ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಮೊಳಕೆಗಳಲ್ಲಿ ಪರೀಕ್ಷಿಸಿ, ಬೆಳಕನ್ನು ಅರಿಯುವುದು ಮೊಳಕೆಯ ತುದಿ ಎಂಬುದನ್ನು 1880ರ ಗ್ರಂಥದಲ್ಲಿ ತಿಳಿಸಿದನು. ಇದನ್ನು ಹೇಳಿದರೆ ನಮ್ಮ ಹುಡುಗಿಗೆ ಹಿಡಿಸಿದ್ದು, ತಂದೆಮಕ್ಕಳು ಕೂಡಿ ಮೊಳಕೆ ನೋಡುತ್ತ ಕುಳಿತರೆಂಬ ಮಾತೊಂದೇ.

ವಹಿಯ ಮೊದಲ ಪುಟದಲ್ಲಿ ಅವಳು ಬರೆದಳು: “ಮೊದಲ ಹದಿನೇಳು ದಿನ ನಾನು ಬೀಜ ಬಿತ್ತಲಿಲ್ಲ. ಮರೆತೆ. ಅವರೆ ಇನ್ನೂ ಹುಟ್ಟಿಲ್ಲ.”

ಅಂಕ ಅರ್ಧಕ್ಕಿಳಿಯಿತು. ಆದರೂ ಗುರುಗಳು ಹೆಸರಿನ ಕರಟಗಳೆರಡನ್ನೂ ಮೇಜಿನ ಮೇಲಿಟ್ಟು ತರಗತಿಗೆ ತೋರಿಸಿದರಂತೆ. ಅವಳ ತಂದೆಗೆ ಅಂಕದ ಚಿಂತೆ ಇನ್ನೂ ಹೋಗಿಲ್ಲ.

ಬುಧವಾರ ಅವರೆ ಬೆನ್ನು ಬಾಗಿಸಿಕೊಂಡು ಮಣ್ಣೊಡೆದು ಬಂದಿತು. ಅಳತೆಪಟ್ಟಿ ಹಿಡಿದು ಓಡಿಬಂದವಳು, ಯಾರೂ ಕೇಳದಿದ್ದರೂ, ಅದೇ ವಹಿಯಲ್ಲಿ ಹೊಸ ಪುಟ ತೆರೆದಳು.