ನಿಪಾ: ಕಣ್ಣು ಚೆಕ್‌ಪೋಸ್ಟ್ ಮೇಲೆ, ಅಪಾಯ ವಾರ್ಡ್‌ನೊಳಗೆ

ಕೇರಳದಲ್ಲಿ ನಿಪಾ ಅಂದ ಕೂಡ್ಲೇ ತಲಪಾಡಿ ಚೆಕ್‌ಪೋಸ್ಟ್ ಮೇಲೆ ಎಲ್ಲರ ಕಣ್ಣು. ಆದ್ರೆ ಸೋಂಕು ತಗುಲಿ ಜ್ವರ ಕಾಣಿಸಲು ಸಾಮಾನ್ಯವಾಗಿ 4ರಿಂದ 14 ದಿನ ಬೇಕು. ಅಲ್ಲಿವರೆಗೆ ಥರ್ಮಾಮೀಟರ್‌ಗೆ ಏನೂ ಸಿಗಲ್ಲ.

2018ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ 17 ಮಂದಿ ಸತ್ತರು. ಬಾವಲಿಯಿಂದ ಬಂದಿದ್ದು ಮೊದಲ ರೋಗಿಗೆ ಮಾತ್ರ ಅನ್ನೋದು ತಜ್ಞರ ಮಾತು. ಉಳಿದವರಿಗೆ ಮನುಷ್ಯರಿಂದಲೇ, ಅದೂ ಬಹುತೇಕ ಆಸ್ಪತ್ರೆಯೊಳಗೆ. ಆರೈಕೆ ಮಾಡಿದ ನರ್ಸ್ ಲಿನಿ ಕೂಡ ಉಳಿಯಲಿಲ್ಲ.

ನಿಪಾ ಕೋವಿಡ್‌ನಷ್ಟು ಸುಲಭವಾಗಿ ಹರಡಲ್ಲ. ಕೆಮ್ಮು ಜೋರಾದ ರೋಗಿಯ ಉಗುಳು, ಕಫ ತಾಕುವಷ್ಟು ಹತ್ತಿರ ಇದ್ದವರಿಗೇ ಹೆಚ್ಚು ಅಪಾಯ. ಹಾಗಾಗಿ ಗಡಿಗಿಂತ ವಾರ್ಡ್ ಮುಖ್ಯ: ಸಿಬ್ಬಂದಿಗೆ ಮಾಸ್ಕ್, ಗ್ಲೌಸ್ ಮೊದಲ ದಿನದಿಂದಲೇ ಬೇಕು. ಮನೆಮಂದಿಯೆಲ್ಲ ಸೇರಿ ರೋಗಿ ನೋಡಲು ಹೋಗೋ ರೂಢಿಗೂ ಬ್ರೇಕ್ ಬೀಳಬೇಕು.